ವ್ಯಾಕ್ಯೂಮ್ ಚೇಂಬರ್ ಪ್ರೆಷರ್ 8×10⁻⁴ ಮಿಲಿಬಾರ್‌ಗೆ ನಿಂತುಬಿಟ್ಟಿದೆ: ಸೀಲ್ ಎಲ್ಲ ಬದಲಿಸಬೇಕಾ?

ಕನ್ನಡಿಗಾರ:
ಎಲ್ಲರಿಗೂ ನಮಸ್ಕಾರ. ದೂರದರ್ಶಕದ 6 ಇಂಚಿನ ಕನ್ನಡಿಗೆ ಮನೆಯಲ್ಲೇ ಅಲ್ಯೂಮಿನಿಯಂ ಲೇಪನ ಹಾಕಲು ಗಾಳಿಯೆಲ್ಲ ಎಳೆದು ತೆಗೆಯುವ ವ್ಯಾಕ್ಯೂಮ್ ಚೇಂಬರ್ ಕಟ್ಟಿದ್ದೇನೆ. ಮೊದಲ ಹಂತದ ಗಾಳಿ ಎಳೆಯಲು ರೋಟರಿ ಪಂಪ್, ಜೊತೆಗೆ ಡಿಫ್ಯೂಷನ್ ಪಂಪ್ (ಕಾದ ಎಣ್ಣೆಯ ಆವಿಯಿಂದ ಉಳಿದ ಗಾಳಿ ಎಳೆಯುವುದು). 10⁻⁵ ಮಿಲಿಬಾರ್ ಬೇಕು, ಆದರೆ ರಾತ್ರಿಯಿಡೀ ಓಡಿಸಿದರೂ 8×10⁻⁴ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಗೇಜ್, ಗಾಳಿ ಬಿಡುವ ವಾಲ್ವ್ ಎರಡನ್ನೂ ಹಿತ್ತಾಳೆ ಥ್ರೆಡ್ ಫಿಟಿಂಗಿಗೆ ಟೆಫ್ಲಾನ್ ಟೇಪ್ ಸುತ್ತಿ ಬೇಸ್ ಪ್ಲೇಟಿಗೆ ಕೂರಿಸಿದ್ದೇನೆ. ಉಳಿದ ಕಡೆ ನೈಟ್ರೈಲ್ ರಬ್ಬರಿನ ಓ-ರಿಂಗ್ (ಸೀಲ್ ಮಾಡುವ ಬಳೆ). ಎಲ್ಲ ಕಿತ್ತು ತಾಮ್ರದ ಗ್ಯಾಸ್ಕೆಟ್ ಇರುವ ಸಿಎಫ್ ಫ್ಲಾಂಜ್ (ಬೋಲ್ಟ್ ಹಾಕಿ ಬಿಗಿಯುವ ಲೋಹದ ಜೋಡಣೆ) ಹಾಕಬೇಕಾ? ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ.

ಪಂಪ್ ಭಟ್ಟ:
ಸಿಎಫ್ ಬೇಡವೇ ಬೇಡ. ಅದು 10⁻⁹ಕ್ಕಿಂತ ಕೆಳಗೆ ಹೋಗಬೇಕಾದವರಿಗೆ, ಚೇಂಬರನ್ನೇ ಕಾಯಿಸುವವರಿಗೆ. ಗ್ಯಾಸ್ಕೆಟ್ ಕೂಡ ಬಿಚ್ಚಿದಾಗಲೆಲ್ಲ ಹೊಸದು ಬೇಕು. ನಿಮ್ಮ ಕೆಲಸಕ್ಕೆ ರಬ್ಬರ್ ಸೀಲ್ ಧಾರಾಳ.

ಮೊದಲು ಪಂಪಿನ ಕಡೆಯ ಮೇನ್ ವಾಲ್ವ್ ಮುಚ್ಚಿ, ಪ್ರೆಷರ್ ಹೇಗೆ ಏರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಒಂದೇ ವೇಗದಲ್ಲಿ ಏರುತ್ತಲೇ ಇದ್ದರೆ ಹೊರಗಿನ ಲೀಕ್. ಬೇಗ ಏರಿ ಆಮೇಲೆ ನಿಧಾನವಾದರೆ ಒಳಗಿನ ತೇವ, ಎಣ್ಣೆ, ಕೊಳೆ.

ಕನ್ನಡಿಗಾರ:
ನೋಡಿದೆ ಸರ್. ಗೆರೆ ಎಳೆದ ಹಾಗೆ ಏರುತ್ತಿದೆ.

ಪಂಪ್ ಭಟ್ಟ:
ಹಾಗಾದರೆ ನನ್ನ ಅನುಮಾನವೆಲ್ಲ ಆ ಥ್ರೆಡ್‌ಗಳ ಮೇಲೆ. ನೀರಿನ ಪೈಪಿಗೆ ಟೇಪ್ ಸಾಕು. ಇಲ್ಲಿ ಹಾಗಲ್ಲ, ಥ್ರೆಡ್‌ನ ಸುರುಳಿಯುದ್ದಕ್ಕೂ ಸಣ್ಣ ಸಂದು ಉಳಿಯುತ್ತದೆ. ಎರಡೂ ಕಡೆ ಕೆಎಫ್-25 (ಕ್ಲಾಂಪ್ ಹಾಕಿ ಬಿಗಿಯುವ ವ್ಯಾಕ್ಯೂಮ್ ಫಿಟಿಂಗ್) ತುಂಡು ವೆಲ್ಡ್ ಮಾಡಿಸಿ, ವೈಟಾನ್ ರಬ್ಬರಿನ ರಿಂಗ್ ಮತ್ತು ಕ್ಲಾಂಪ್ ಹಾಕಿ. ಹಿತ್ತಾಳೆಯಲ್ಲಿ ಸತು ಇದೆ. ಬಿಸಿಯಾದರೆ ಅದು ಆವಿಯಾಗುತ್ತದೆ, ಅಲ್ಯೂಮಿನಿಯಂ ಕಾಯಿಸುವ ತಂತಿಯ (ಫಿಲಮೆಂಟ್) ಹತ್ತಿರ ಹಿತ್ತಾಳೆ ಇಡಲೇಬೇಡಿ.

ಓ-ರಿಂಗ್ ಕೂರುವ ಗ್ರೂವ್‌ಗಳನ್ನೂ (ಗಾಡಿ) ನೋಡಿ. ರಿಂಗಿನ ದಪ್ಪದ ಸುಮಾರು 20-25% ಅದುಮಿದರೆ ಸಾಕು. ಗ್ರೂವ್‌ನ ಅಗಲ ಮಾತ್ರ ರಿಂಗಿಗಿಂತ ಜಾಸ್ತಿ ಇರಲಿ. ರಬ್ಬರ್ ಕುಗ್ಗುವುದಿಲ್ಲ, ಪಕ್ಕಕ್ಕೆ ಹರಡುತ್ತದೆ ಅಷ್ಟೇ. ಲೇತ್ ಟೂಲ್‌ನ ಗುರುತು ರಿಂಗಿನ ಜೊತೆ ಸುತ್ತ ಹೋದರೆ ತೊಂದರೆಯಿಲ್ಲ. ಅಡ್ಡಡ್ಡ ಒಂದು ಗೀರು ಇದ್ದರೂ ಕೆಲಸ ಕೆಟ್ಟಿತು. ಉಗುರು ಎಳೆದು ನೋಡಿ, ಗೊತ್ತಾಗುತ್ತದೆ. ಗ್ರೀಸ್ ಹೊಳಪು ಬರುವಷ್ಟು ಮಾತ್ರ. ಜಾಸ್ತಿಯಾದರೆ ಧೂಳು, ಕೂದಲು ಎಲ್ಲ ಅಂಟುತ್ತದೆ.

ಲೇತ್ ಸೀನ:
ವೆಲ್ಡಿಂಗ್ ಬಗ್ಗೆ ಒಂದು ಮಾತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಟಿಗ್ ವೆಲ್ಡಿಂಗ್ ಮಾಡುವವರು ಬೇಕಾದಷ್ಟು ಸಿಗುತ್ತಾರೆ, ಆದರೆ ಅಭ್ಯಾಸಬಲದಲ್ಲಿ ಹೊರಗಡೆಯಿಂದ ಹಾಕಿಬಿಡುತ್ತಾರೆ. ವ್ಯಾಕ್ಯೂಮ್ ಇರುವ ಒಳಮೈಯಲ್ಲೇ ಬಿಡುವಿಲ್ಲದೆ ಸುತ್ತ ಹಾಕಿಸಿ. ಗಟ್ಟಿ ಇರಲಿ ಅಂತ ಎರಡೂ ಕಡೆ ಪೂರ್ತಿ ಹಾಕಿಸಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಳಗಿನ ವೆಲ್ಡ್‌ನಲ್ಲಿ ಸಣ್ಣ ತೂತಿದ್ದರೆ ಆ ಗಾಳಿ ದಿನಗಟ್ಟಲೆ ಸೋರುತ್ತದೆ, ಹೊರಗೆ ಎಷ್ಟು ಹುಡುಕಿದರೂ ಲೀಕ್ ಸಿಗುವುದಿಲ್ಲ. ಒಳಗಿನ ಮುಚ್ಚಿದ ತೂತಿಗೆ ಹಾಕಿದ ಸ್ಕ್ರೂನದ್ದೂ ಇದೇ ಕಥೆ. ಅದರ ನಡುವೆ ಉದ್ದಕ್ಕೂ ಸಣ್ಣ ರಂಧ್ರ ಕೊರೆಸಿ.

ಕನ್ನಡಿಗಾರ:
ವೆಲ್ಡಿಂಗಿಗೆ ಕೊಡುವ ಮೊದಲು ಥ್ರೆಡ್ಡೇ ಕಳ್ಳ ಅಂತ ಖಚಿತ ಮಾಡಿಕೊಳ್ಳೋದು ಹೇಗೆ? ಅಸಿಟೋನ್ ಇದೆ.

ಪಂಪ್ ಭಟ್ಟ:
ಅಸಿಟೋನ್ ಬೇಡ, ನೈಟ್ರೈಲ್ ಆಗಲಿ ವೈಟಾನ್ ಆಗಲಿ ಊದಿಕೊಳ್ಳುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ. ಡಿಫ್ಯೂಷನ್ ಪಂಪ್ ಆರಿಸಿ ತಣ್ಣಗಾಗಲು ಬಿಡಿ, ರೋಟರಿ ಒಂದರಲ್ಲೇ ಓಡಿಸುತ್ತಾ ಒಂದೊಂದೇ ಜಾಯಿಂಟಿಗೆ ಎರಡು ಹನಿ ಹಾಕಿ ಪಿರಾನಿ ಗೇಜ್ (ಕಡಿಮೆ ಪ್ರೆಷರ್ ಅಳೆಯುವ ಗೇಜ್) ನೋಡಿ. ಮುಳ್ಳು ಎತ್ತ ಜಿಗಿದರೂ ಲೀಕ್ ಅಲ್ಲೇ. ಫಿಲಮೆಂಟ್ ಕರೆಂಟ್ ತೆಗೆದಿರಲಿ, ಹತ್ತಿರ ಬೆಂಕಿ ಬೇಡ.