ಅಪ್ಪನನ್ನು ಶೀರ್ಕೆಗೆ ಕರೆದುಕೊಂಡು ಹೋಗಬಹುದಾ?

ಮೈಸೂರಿಂದ ಅಪ್ಪ-ಅಮ್ಮ ಜರ್ಮನಿಯ ಹ್ಯಾನೋವರ್‌ಗೆ, ನಮ್ಮ ಮನೆಗೆ ಬರ್ತಿದ್ದಾರೆ. ಅಪ್ಪ ರಿಟೈರ್ಡ್ ಹಿಸ್ಟರಿ ಮೇಷ್ಟ್ರು. ಹಾರ್ಟ್ಸ್ ಬೆಟ್ಟದ ಶೀರ್ಕೆ ಊರಿಗೆ ಹೋಗಿ ಬಂದವರು ಯಾರಾದ್ರೂ ಇದ್ರೆ ಹೇಳಿ, ಅವರಿಗೆ ಹಿಡಿಸುತ್ತಾ?

— ಖಂಡಿತ ಹಿಡಿಸುತ್ತೆ, ಆದ್ರೆ ಊರಿನ ಮೇಲಿರೋ ಬ್ರೊಕನ್ ಶಿಖರದ ನೋಟ ನಂಬ್ಕೊಂಡು ಹೋಗಬೇಡಿ. 1141 ಮೀಟರ್ ಎತ್ತರ, ವರ್ಷದಲ್ಲಿ ಮುಕ್ಕಾಲು ಪಾಲು ದಿನ ಮಂಜೇ. ನಾನು ಎರಡು ಸಲ ಹೋದೆ, ಎರಡು ಸಲವೂ ಬಿಳಿ ಗೋಡೆ! ಊರಿನ ಕಥೆಯೇ ಚೆನ್ನಾಗಿದೆ. ಜರ್ಮನ್ ಕವಿ ಗಯಟೆ 1777ರ ಡಿಸೆಂಬರ್‌ನಲ್ಲಿ ಈ ಬೆಟ್ಟ ಹತ್ತಿದ್ದ. ಆಮೇಲೆ 'ಫೌಸ್ಟ್' ನಾಟಕದಲ್ಲಿ ಮಾಟಗಾತಿಯರ ರಾತ್ರಿಯನ್ನು ಶೀರ್ಕೆ, ಎಲೆಂಡ್ ಊರುಗಳ ಆಸುಪಾಸಲ್ಲೇ ಇಟ್ಟ. ಎಲೆಂಡ್ ಅಂದ್ರೆ ಇವತ್ತಿನ ಜರ್ಮನ್‌ನಲ್ಲಿ ದುರ್ಗತಿ! ಪಕ್ಕದೂರಿಗೆ ಎಂಥ ಹೆಸರು ನೋಡಿ. 1898ರಲ್ಲಿ ಶಿಖರದವರೆಗೂ ರೈಲು ಬಂತು, ಶೀರ್ಕೆ ಶ್ರೀಮಂತರು ಚಳಿಗಾಲ ಕಳೆಯೋ ಊರಾಯ್ತು. ಅಲ್ಲಿನ ಔಷಧಿ ಅಂಗಡಿಯವನು ಹೊಟ್ಟೆನೋವಿಗೆ ಅಂತ ಮಾಡಿದ ಕಹಿ ಮದ್ಯ 'ಶೀರ್ಕರ್ ಫೊಯರ್‌ಷ್ಟೈನ್' ಇವತ್ತಿಗೂ ಸಿಗುತ್ತೆ. ನಮ್ಮ ಕಷಾಯಕ್ಕೆ ಸ್ಪಿರಿಟ್ ಬೆರೆಸಿದ ಹಾಗಿರುತ್ತೆ.

— ಮಂಡಿನೋವು ಇದ್ದವರಿಗೆ ಒಂದು ಮಾತು: ಶೀರ್ಕೆ ಸ್ಟೇಷನ್ ಊರೊಳಗಿಲ್ಲ, ಮೇಲೆ ಕಾಡಿನಲ್ಲಿದೆ. ಇಳಿಯೋದು ಸಲೀಸು, ವಾಪಸ್ ಹತ್ತೋವಾಗ ನಮ್ಮಮ್ಮ ಮೂರು ಕಡೆ ಕೂತ್ಕೊಂಡ್ರು. ಉಗಿಬಂಡಿಯ ಹೊಗೆಗೆ ಬಿಳಿ ಸ್ವೆಟರ್ ಬೇಡ. ದಾರಿಯಲ್ಲಿ ಒಣಗಿ ನಿಂತ ಸ್ಪ್ರೂಸ್ ಮರಗಳನ್ನ ನೋಡಿ ಗಾಬರಿ ಆಗಬೇಡಿ, ಬರಗಾಲದ ಜೊತೆ ತೊಗಟೆ ಹುಳ ಸೇರಿ ತಿಂದು ಹಾಕಿವೆ.

— ಇಬ್ಬರೂ ಗಡಿ ಬೇಲಿ ವಿಷಯ ಬಿಟ್ರಿ. ಮೇಷ್ಟ್ರಿಗೆ ಬೇಕಾಗಿರೋದೇ ಅದು. ಶೀರ್ಕೆ ಇದ್ದದ್ದು ಪೂರ್ವ ಜರ್ಮನಿಯಲ್ಲಿ, ಪಶ್ಚಿಮ ಜರ್ಮನಿಯ ಗಡಿಗೆ ಅಂಟಿಕೊಂಡೇ. 1961ರಲ್ಲಿ ಬ್ರೊಕನ್‌ಗೆ ಜನರನ್ನ ಬಿಡೋದು ನಿಂತೇ ಹೋಯ್ತು, ಮೇಲೆ ಸೈನಿಕರು, ಕದ್ದು ಕೇಳೋ ಆಂಟೆನಾಗಳು. ಊರಿಗೆ ಬರೋಕೂ ಪಾಸು ಬೇಕಿತ್ತು. ನಾವು ಉಳಿದುಕೊಂಡ ಮನೆಯ ಅಜ್ಜಿ ಡ್ರಾಯರ್‌ನಿಂದ ಅಂಥದ್ದೊಂದು ಚೀಟಿ ತೆಗೆದು ತೋರಿಸಿದ್ರು: ಮಡಿಕೆಯಲ್ಲಿ ಹರಿದಿದೆ, ಮೇಲೆ ನೇರಳೆ ಸೀಲು. ವೆರ್ನಿಗರೋಡೆಯಲ್ಲಿದ್ದ ಅವರ ತಂಗಿ ಹುಟ್ಟುಹಬ್ಬಕ್ಕೆ ಬರೋಕೆ ಅದು ಬೇಕಿತ್ತಂತೆ. ಎರಡೂರಿಗೆ ಹದಿನೈದು ಕಿಲೋಮೀಟರೂ ಇಲ್ಲ! 1989ರ ಡಿಸೆಂಬರ್ 3ಕ್ಕೆ ಜನ ಗುಂಪಾಗಿ ಹತ್ತಿ ಹೋಗಿ ಮೇಲಿನ ಗೇಟು ತೆಗೆಸಿದ್ರು. ಅಜ್ಜಿಯೂ ಹೋಗಿದ್ರಂತೆ, ಮನೆ ಚಪ್ಪಲಿ ಬದಲಾಯಿಸೋದನ್ನೂ ಮರೆತು.

— ಎಲ್ಲರಿಗೂ ಥ್ಯಾಂಕ್ಸ್. ಫೋನಲ್ಲಿ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ರೈಲು, ಶಿಖರ ಯಾವುದೂ ಕೇಳಲಿಲ್ಲ. "ಆ ಅಜ್ಜಿ ಮನೇಲಿ ರೂಮು ಸಿಗುತ್ತೇನೋ ವಿಚಾರಿಸು" ಅಂದ್ರು.