‘ಕ್ಲಾಸಿಕ್’ ಜೋಡಣೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶಿರಸಿಯ ಒಂದು ಅಡಿಕೆ ಸೊಸೈಟಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಅಲ್ಲಿನ ಸಿಬ್ಬಂದಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳಲ್ಲಿ ನಿಮ್ಮ ಸಹಾಯ ಬೇಕು.

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆಮೇಲೆ ಇಲ್ಲಿ ವಿಂಡೋಸ್ 11 ಬಂತು. ಎಡಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ ನಡುವೆ ಹೋಗಿ ಕೂತಿತು. ರಾಶಿ, ಚಾಲಿ ಅಂತ ಅಡಿಕೆಯ ಬಗೆಗಳ ಲೆಕ್ಕ ಹಾಕುತ್ತಾ ಪರದೆ ನೋಡದೇ ಮೌಸ್ ಓಡಿಸುವವರಿಗೆ ಇದು ಸಣ್ಣ ತೊಂದರೆ ಅಲ್ಲ. ಎಲ್ಲರದ್ದೂ ಒಂದೇ ಮಾತು: “ತಮಾ, ಮೊದಲು ಇದ್ದ ಹಾಂಗೇ ಮಾಡಿಕೊಡು.”

ಈ ಮಾತಿನೊಳಗೆ ಮೂರು ಬೇಡಿಕೆ ಇವೆ. ಒಬ್ಬರಿಗೆ ಬಟನ್ ಎಡಕ್ಕೆ ಬರಬೇಕು. ಇನ್ನೊಬ್ಬರಿಗೆ ಹಳೇ ಬಣ್ಣ, ಹಳೇ ಐಕಾನ್ ಬೇಕು. ಮತ್ತೊಬ್ಬರಿಗೆ ಮೌಸಿನ ಬಲಗುಂಡಿ ಒತ್ತಿದ ಕೂಡಲೇ ಪೂರ್ತಿ ಮೆನು ತೆರೆಯಬೇಕು. ಈಗ ಅದು ಅರ್ಧ ಮಾತ್ರ ತೆರೆಯುತ್ತದೆ, ಉಳಿದದ್ದಕ್ಕೆ ಶಿಫ್ಟ್ ಜೊತೆ ಎಫ್10 ಒತ್ತಬೇಕು. ಮೂರಕ್ಕೂ ದಾರಿ ಬೇರೆ ಬೇರೆ. ಎಲ್ಲಕ್ಕೂ ‘ಹಳೆಯ ರೂಪ’ ಅಂತ ಬರೆದರೆ ಓದಿದವರು ಬಣ್ಣದ ಸೆಟ್ಟಿಂಗ್‌ನಲ್ಲಿ ಬಟನ್ ಹುಡುಕುತ್ತಾರೆ.

ಮೊದಲನೆಯದಕ್ಕೆ, ಅಂದರೆ ಬಟನ್ ಮೊದಲಿನ ಜಾಗದಲ್ಲೇ ಇರುವ ‘ಕ್ಲಾಸಿಕ್’ ಜೋಡಣೆಗೆ, ನಾನು ‘ರೂಢಿಯ ಜೋಡಣೆ’ ಅಂತ ಬರೆದಿದ್ದೇನೆ. ‘ಶಾಸ್ತ್ರೀಯ’ ಅಂದರೆ ಸಂಗೀತವೇ ನೆನಪಾಗುತ್ತದೆ. ‘ಹಳೆಯ ಜೋಡಣೆ’ ಅಂದರೆ ಹಳೇ ವಿಂಡೋಸನ್ನೇ ವಾಪಸ್ ಹಾಕಿದ್ದಾರೆ ಅನ್ನಿಸುತ್ತದೆ. ಹಾಗಲ್ಲವಲ್ಲ. ಒಳಗಿರುವುದೆಲ್ಲ ಹೊಸದೇ, ಕೈ ಕೂತ ಜಾಗ ಮಾತ್ರ ಮೊದಲಿನದು. ಇದು ಇಂದಿನ ಬೇಡಿಕೆಯೂ ಅಲ್ಲ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ತೆಗೆದಿತ್ತು. ಮರುವರ್ಷ 8.1ರಲ್ಲಿ ಬಟನ್ ಮರಳಿತು, 2015ರಲ್ಲಿ ವಿಂಡೋಸ್ 10ರಲ್ಲಿ ಮೆನುವೂ ಬಂತು.

ಎರಡನೆಯದಕ್ಕೆ, ಅಂದರೆ ಬಣ್ಣ, ಐಕಾನ್ ಬದಲಿಸುವ ಥೀಮ್‌ಗೆ, ‘ವೇಷ’ ಅನ್ನೋದು ನನ್ನ ಆಯ್ಕೆ. ನಮ್ಮ ಕಡೆ ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಮುಖವರ್ಣಿಕೆ, ಕಿರೀಟ ಬದಲಾದರೂ ಒಳಗಿನ ಕಲಾವಿದ ಅವನೇ. ಥೀಮ್ ಮಾಡುವುದೂ ಅಷ್ಟೇ, ಬಣ್ಣ ಬದಲಾಗುತ್ತದೆ, ಬಟನ್ ಇದ್ದಲ್ಲೇ ಇರುತ್ತದೆ.

ಸ್ಟಾರ್ಟ್ ಬಟನ್ ಇರುವ ಕೆಳಗಿನ ಸಾಲು, ಅಂದರೆ ಟಾಸ್ಕ್‌ಬಾರ್ ಮಾತ್ರ ಕಷ್ಟ ಕೊಟ್ಟಿದೆ. ‘ಕಾರ್ಯಪಟ್ಟಿ’ ಅಂದರೆ ಇವತ್ತು ಮಾಡಬೇಕಾದ ಕೆಲಸಗಳ ಪಟ್ಟಿ ಅಂತ ಓದಿಕೊಳ್ಳುತ್ತಾರೆ. ಮೇಲಾಗಿ ಅಡಿಕೆ ವ್ಯಾಪಾರದಲ್ಲಿ ಪಟ್ಟಿ ಅಂದರೆ ಮಾರಾಟದ ಲೆಕ್ಕದ ಚೀಟಿ. ‘ಅಡಿಸಾಲು’ ಚೆನ್ನಾಗಿತ್ತು, ಆದರೆ ಒಂದು ಹಳೇ ಕಂಪ್ಯೂಟರ್‌ಗೆ ವಿಂಡೋಸ್ 11 ಹೊಂದದೆ, ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಮಾಟೆ (MATE) ಡೆಸ್ಕ್‌ಟಾಪ್ ಹಾಕಿದ್ದೇನೆ. ಅದರಲ್ಲಿ ಮೇಲೊಂದು, ಕೆಳಗೊಂದು ಸಾಲು. 2011ರಲ್ಲಿ ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್‌ನ 3ನೇ ಆವೃತ್ತಿ ಬಂದು ಎಲ್ಲ ಬದಲಾದಾಗ, ಗ್ನೋಮ್ 2ರ ರೀತಿಯನ್ನೇ ಉಳಿಸಿಕೊಳ್ಳಲು ಹುಟ್ಟಿದ್ದು ಮಾಟೆ. ಹೆಸರು ದಕ್ಷಿಣ ಅಮೆರಿಕದವರು ಎಲೆಗೆ ಬಿಸಿನೀರು ಹಾಕಿ ಕುಡಿಯುವ ಪಾನೀಯದ್ದು, ಹಾಗಾಗಿ ‘ಮೇಟ್’ ಅಂತ ಓದಬಾರದು. ‘ಮಾತೆ’ ಅಂತ ಬರೆದರೆ ಅರ್ಥವೇ ಬೇರೆಯಾದೀತು ಅಂತ ‘ಮಾಟೆ’ ಮಾಡಿದೆ. ಸದ್ಯಕ್ಕೆ ಮಾಟೆಯಲ್ಲಿ ‘ಮೇಲಿನ ಸಾಲು’, ‘ಕೆಳಗಿನ ಸಾಲು’ ಅಂತಲೂ, ವಿಂಡೋಸಿನಲ್ಲಿ ಟಾಸ್ಕ್‌ಬಾರ್ ಅಂತಲೂ ಇಟ್ಟಿದ್ದೇನೆ. ಎಲ್ಲರ ಬಾಯಲ್ಲಿ ಇರುವ ಪದವನ್ನು ಸುಮ್ನೆ ಬದಲಿಸಬಾರದು, ಅಲ್ವಾ?

ಮೂರನೆಯದಕ್ಕೆ, ಅಂದರೆ ಗುಂಡಿ ಒತ್ತಿದಾಗ ಏನಾಗುತ್ತದೆ ಅನ್ನುವುದಕ್ಕೆ, ಒಳ್ಳೆಯ ಪದ ಸಿಕ್ಕಿಲ್ಲ. ‘ವರ್ತನೆ’ ಮನುಷ್ಯರಿಗೆ ಹೊಂದುವ ಮಾತು. ‘ನಡೆ’ ಆಗಬಹುದೇ? ಕಾರವಾರ, ಅಂಕೋಲಾ, ಕುಮಟಾ ಕಡೆಯ ಕಚೇರಿಗಳಲ್ಲಿ ಇರುವವರು ಅಲ್ಲಿ ಏನು ಹೇಳುತ್ತಾರೆ ಅಂತ ತಿಳಿಸಿ. ಕೊಂಕಣಿ ಮನೆಮಾತಿನವರಿಗೆ ‘ರೂಢಿಯ ಜೋಡಣೆ’ ಓದಿದ ತಕ್ಷಣ ಹೊಳೆಯುತ್ತದೆಯೇ ಅನ್ನುವುದನ್ನೂ ಬರೆಯಿರಿ.