ಪರ್ಫಾರ್ಮೆನ್ಸ್ 118% ತೋರಿಸ್ತಿದೆ, ಕೌಂಟ್ ಎಲ್ಲಿ ಜಾಸ್ತಿಯಾಗ್ತಿದೆ?

ಪ್ರೆಸ್‌ಶಾಪ್: ಹಳೇ ಮೆಕ್ಯಾನಿಕಲ್ ಪ್ರೆಸ್, ಪಿಎಲ್‌ಸಿ (ಮಷಿನ್ ನಡೆಸೋ ಕಂಟ್ರೋಲರ್) ಇಲ್ಲ. ಕ್ರ್ಯಾಂಕ್‌ಶಾಫ್ಟ್‌ನ ಕ್ಯಾಮ್ ಎದುರಿಗೆ ಲೋಹ ಹತ್ತಿರ ಬಂದ್ರೆ ಆನ್ ಆಗೋ ಪ್ರಾಕ್ಸಿಮಿಟಿ ಸೆನ್ಸರ್ ಕೂರಿಸಿ, ಡೇಟಾ ಕಳಿಸೋ ಗೇಟ್‌ವೇ ಮೂಲಕ ಸ್ಟ್ರೋಕ್ ಎಣಿಸ್ತಿದ್ದೇವೆ. ವೇಗ ನಿಮಿಷಕ್ಕೆ 30 ಸ್ಟ್ರೋಕ್. ಡ್ಯಾಶ್‌ಬೋರ್ಡ್‌ನಲ್ಲಿ ಅವೈಲಬಿಲಿಟಿ (ಮಷಿನ್ ಓಡಿದ ಸಮಯ) 71%, ಪರ್ಫಾರ್ಮೆನ್ಸ್ (ಐಡಿಯಲ್‌ಗೆ ಹೋಲಿಸಿದ ವೇಗ) 118%, ಕ್ವಾಲಿಟಿ (ಒಳ್ಳೇ ಪೀಸ್) 98%. ಮೂರನ್ನೂ ಗುಣಿಸಿ ಓಇಇ (ಮಷಿನ್‌ನ ಒಟ್ಟು ದಕ್ಷತೆ) 82% ಅಂತ ಬರುತ್ತೆ. ಬಿನ್ ತೂಗಿದ್ರೆ ಅಷ್ಟು ಪೀಸ್ ಇಲ್ಲವೇ ಇಲ್ಲ. ಪರ್ಫಾರ್ಮೆನ್ಸ್ 100 ದಾಟದ ಹಾಗೆ ಲಿಮಿಟ್ ಹಾಕಿಬಿಡಿ ಅಂತಾರೆ ಸಾಫ್ಟ್‌ವೇರ್‌ನವರು. ಹಾಕಬಹುದಾ?

ಪ್ಯಾನೆಲ್‌ಮ್ಯಾನ್: ದಯವಿಟ್ಟು ಬೇಡ, ಇರೋ ಒಂದು ಸುಳಿವೂ ಮುಚ್ಚಿಹೋಗುತ್ತೆ. ಐಡಿಯಲ್ ಸೈಕಲ್ ಟೈಮ್ (ಒಂದು ಸ್ಟ್ರೋಕಿಗೆ ಬೇಕಾದ ಸಮಯ) 2 ಸೆಕೆಂಡ್ ಅಂತಲೇ ಹಾಕಿದ್ದೀರಾ? ಹೌದಾದ್ರೆ ಪಲ್ಸ್ ಕಡೆ ನೋಡಿ. ಒಟ್ಟು ಕೌಂಟ್ ಬಿಟ್ಟು, ಪ್ರತಿ ಪಲ್ಸ್ ಬಂದ ಸಮಯವನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಲಾಗ್ ಮಾಡಿ. ಮಷಿನ್ ನಿಂತಾಗಲೂ ಪಲ್ಸ್ ಬಂದ್ರೆ ಅದು ಎಲೆಕ್ಟ್ರಿಕಲ್ ನಾಯ್ಸ್; ಸೆನ್ಸರ್ ಕೇಬಲನ್ನು ಮೋಟರ್ ಕೇಬಲ್‌ನಿಂದ ದೂರ ಎಳೀರಿ.

ಪ್ರೆಸ್‌ಶಾಪ್: ಸೈಕಲ್ ಟೈಮ್ 2 ಸೆಕೆಂಡೇ. ಲಾಗ್‌ನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸ್ಟ್ರೋಕಿಗೆ 15–20 ಮಿಲಿಸೆಕೆಂಡ್ ಅಂತರದಲ್ಲಿ ಜೋಡಿ ಪಲ್ಸ್! ನಿಂತಾಗ ಏನೂ ಇಲ್ಲ. 200 ಮಿಲಿಸೆಕೆಂಡ್ ಇನ್‌ಪುಟ್ ಫಿಲ್ಟರ್ (ಅಷ್ಟು ಹೊತ್ತು ಆನ್ ಇರದ ಸಿಗ್ನಲ್ ಬಿಟ್ಟುಬಿಡೋದು) ಹಾಕ್ಲಾ?

ಕ್ಯಾಮ್‌ಫಾಲೋವರ್: ಹಾಕಿದ್ರೆ ಕೌಂಟೇ ಸೊನ್ನೆಯಾದೀತು. ಕ್ಯಾಮ್ 30 ಡಿಗ್ರಿ ಇದ್ರೆ ಸೆನ್ಸರ್ ಆನ್ ಇರೋದೇ 167 ಮಿಲಿಸೆಕೆಂಡ್, ಫಿಲ್ಟರ್ ಅದನ್ನೂ ನುಂಗುತ್ತೆ. ಅದರ ಬದಲು, ಒಂದು ಪಲ್ಸ್ ಎಣಿಸಿದ ಮೇಲೆ 1 ಸೆಕೆಂಡ್ ಏನೇ ಬಂದ್ರೂ ಬಿಟ್ಟುಬಿಡೋ ಲಾಜಿಕ್ ಬರೀರಿ. ಆದ್ರೆ ಮೊದಲು ಬ್ರಾಕೆಟ್. ಸೆನ್ಸರ್‌ನ ಸೆನ್ಸಿಂಗ್ ದೂರ ಎಷ್ಟು ಮಿಮೀ? 8 ಅಂತಿದ್ರೆ ಭರವಸೆ ಇಡಬಹುದಾದ ದೂರ ಸುಮಾರು 6.5 ಮಾತ್ರ. ಅದರಾಚೆ ಇಟ್ರೆ ಪ್ರೆಸ್‌ನ ಅದುರಿಗೆ ಆನ್-ಆಫ್ ಆಡ್ತಾ ಇರುತ್ತೆ.

ಪ್ರೆಸ್‌ಶಾಪ್: 8 ಮಿಮೀದೇ ಸರ್, ಗ್ಯಾಪ್ 7.5 ಇತ್ತು. 4ಕ್ಕೆ ತಂದು ಲಾಕ್‌ನಟ್ ಬಿಗಿ ಮಾಡಿದ್ವಿ, ಲಾಜಿಕ್ಕೂ ಹಾಕಿದ್ವಿ. ಜೋಡಿ ಪಲ್ಸ್ ಹೋಯ್ತು. ಈಗ ಪರ್ಫಾರ್ಮೆನ್ಸ್ 86%, ಓಇಇ 60%. ಮೇಲಿನವರ ಮುಖ ಸಪ್ಪಗಾಗಿದೆ.

ಪ್ಯಾನೆಲ್‌ಮ್ಯಾನ್: ಆಗಲಿ ಬಿಡಿ, ಮಷಿನ್ ಮೊದಲೂ ಇಷ್ಟೇ ಕೊಡ್ತಿತ್ತು. ಅದೇ ಲಾಗ್‌ನಲ್ಲಿ 3 ಸೆಕೆಂಡ್ ಮೀರಿದ ಅಂತರಗಳನ್ನು ಹೆಕ್ಕಿ. ಫೀಡರ್ ಸಿಕ್ಕಿಕೊಂಡದ್ದು, ಪೀಸ್ ಡೈಗೆ ಅಂಟಿದ್ದು, ಯಾರೂ ಬರೆದಿಡದ ಚಿಕ್ಕ ಸ್ಟಾಪ್‌ಗಳೆಲ್ಲ ಅಲ್ಲೇ ಸಿಗುತ್ತೆ. ಇನ್ನೊಂದು: ಡೈ ಸೆಟ್ಟಿಂಗ್ ವೇಳೆಯ ಸ್ಟ್ರೋಕ್‌ಗಳೂ ಪೀಸ್ ಅಂತಲೇ ಎಣಿಕೆಯಾಗ್ತಿರಬೇಕು. ಸೇಫ್ಟಿ ಸರ್ಕ್ಯೂಟ್ ಮುಟ್ಟದೆ, ಮೋಡ್ ಸೆಲೆಕ್ಟರ್‌ನಲ್ಲಿ ಖಾಲಿ ಕಾಂಟ್ಯಾಕ್ಟ್ ಇದ್ರೆ ಗೇಟ್‌ವೇಗೆ ತನ್ನಿ; ಇಂಚಿಂಗ್‌ನಲ್ಲಿ (ಪ್ರೆಸ್ಸನ್ನು ಸ್ವಲ್ಪಸ್ವಲ್ಪವೇ ಸರಿಸೋ ಮೋಡ್) ಇದ್ದಾಗ ಕೌಂಟ್ ನಿಲ್ಲಿಸಬಹುದು.